ಊರು ಕಟ್ಟಿದವರಿಗೆ ಊರಲ್ಲಿ ಜಾಗ

ಬೆಳಗಿನ ಜಾವ ನಾಲ್ಕು ಗಂಟೆ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮುಂದೆ, ಮೇಲ್ಸೇತುವೆಯ ಕೆಳಗೆ, ಆಗಲೇ ಹಾಡಹಗಲಿನ ಗದ್ದಲ. ಹೊಸೂರು, ಕೋಲಾರ, ಚಿಕ್ಕಬಳ್ಳಾಪುರ, ಕನಕಪುರದ ಕಡೆಯಿಂದ ಬಂದ ಟೆಂಪೊಗಳು ಹಿಂಬದಿಯ ಬಾಗಿಲು ತೆರೆದುಕೊಂಡು ನಿಂತಿವೆ. ಸೇವಂತಿಗೆಯ ಮೂಟೆ, ಕನಕಾಂಬರದ ಪೊಟ್ಟಣ, ಒದ್ದೆ ಬಟ್ಟೆ ಹೊದಿಸಿದ ಮಲ್ಲಿಗೆ ಬುಟ್ಟಿ ಒಂದರ ಹಿಂದೊಂದು ಇಳಿಯುತ್ತಿವೆ. ತಲೆಯ ಮೇಲೆ ಸಿಂಬೆ ಇಟ್ಟು ಮೂಟೆ ಹೊತ್ತ ಹಮಾಲಿಗಳು ‘ದಾರಿ, ದಾರಿ’ ಎನ್ನುತ್ತ ಜನರ ನಡುವೆ ನುಗ್ಗಿ ಹೋಗುತ್ತಾರೆ. ನೆಲವೆಲ್ಲ ಕೆಸರು, ಬಾಳೆಲೆಯ ತುಂಡು, ಉದುರಿದ ಎಸಳು. ಟೀ ಕ್ಯಾನಿನ ಹುಡುಗ ಸೈಕಲ್ ನಿಲ್ಲಿಸಿದಲ್ಲೇ ಹತ್ತು ಜನ ಸೇರುತ್ತಾರೆ.

ಕಂಬವೊಂದರ ಬುಡದಲ್ಲಿ ಹೂವಿನ ಅಜ್ಜಿಯೊಬ್ಬರು ಕೂತಿದ್ದಾರೆ. ಅವರ ಅಂಗಡಿ ಎಂದರೆ ಮಡಚಿ ಹಾಸಿದ ಗೋಣಿಚೀಲ, ಒಂದು ಬಿದಿರು ಬುಟ್ಟಿ, ನೀರು ಚಿಮುಕಿಸಲು ಒಂದು ಬಾಟಲಿ. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ದಾರದ ಒಂದು ಸುತ್ತು, ಒಂದು ಕುಣಿಕೆ. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಕಟ್ಟಿದ ಮಾಲೆಯನ್ನು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು, ಎರಡು ಮೊಳ ಕತ್ತರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ‘ಇನ್ನೊಂದ್ ಚೂರು ಬಿಡಿ ಅಜ್ಜಿ’ ಎಂದರೆ ‘ದೇವ್ರಿಗೆ ತಾನೆ, ತಗೊಳ್ಳಮ್ಮ’ ಎಂದು ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಡುತ್ತಾರೆ. ಹೊತ್ತು ಏರುವುದರೊಳಗೆ ಬುಟ್ಟಿ ಖಾಲಿಯಾಗಬೇಕು. ಬಾಡಿದ ಹೂವಿಗೆ ಬೆಲೆಯಿಲ್ಲ. ಬೆಳಿಗ್ಗೆ ಕೈಸಾಲ ತಂದು ಹೂ ಕೊಂಡವರು ಸಂಜೆ ಬಡ್ಡಿ ಸೇರಿಸಿ ಹಿಂದಿರುಗಿಸಬೇಕು.

ಅಜ್ಜಿಯ ಇಡೀ ಬದುಕು ನಿಂತಿರುವುದು ಆ ಗೋಣಿಚೀಲ ಹಾಸುವಷ್ಟು ಜಾಗದ ಮೇಲೆ. ಅದೇ ಕಂಬದ ಬುಡ, ಅದೇ ಮೂಲೆ. ವಾಡಿಕೆಯ ಗಿರಾಕಿಗಳು ಬರುವುದು ಅಲ್ಲಿಗೇ. ನೂರು ಮೀಟರ್ ಆಚೆ ಕೂರಿಸಿದರೆ ವ್ಯಾಪಾರ ಅರ್ಧಕ್ಕಿಳಿಯುತ್ತದೆ. ಸಂತೆಗೆ ದಾರಿಯೇ ಮುಖ್ಯ. ಬಸ್ಸಿಳಿದವರು ನಡೆದುಹೋಗುವ ದಾರಿಯಲ್ಲಿ ಕೂತರಷ್ಟೇ ಬೀದಿಬದಿಯ ವ್ಯಾಪಾರ ನಡೆಯುತ್ತದೆ. ಹಬ್ಬದ ಮುನ್ನಾದಿನ ಇಲ್ಲಿ ಬಾಳೆಕಂದು, ಮಾವಿನೆಲೆ, ವೀಳ್ಯದೆಲೆ ಕೊಳ್ಳಲು ಬರುವ ಊರೆಲ್ಲ ಈ ನೆಲದ ಅಂಗಡಿಗಳನ್ನೇ ನೆಚ್ಚಿಕೊಂಡಿದೆ. ಸಂಚಾರಕ್ಕೆ ಅಡ್ಡಿಯಾಯಿತೆಂದು ತೆರವು ಮಾಡುವ ದಿನ ಮೊದಲು ಎತ್ತಿಹಾಕುವುದೂ ಇದೇ ಬುಟ್ಟಿಗಳನ್ನೇ.

ಹಾಗೆ ಎತ್ತಿಹಾಕಬಾರದೆಂದು ಕಾನೂನಿದೆ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಿಸುವ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಮಾಡಿತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆಡೆಗೆ ಕಳಿಸುವುದಾದರೆ 30 ದಿನ ಮೊದಲು ತಿಳಿಸಬೇಕು. ಎಲ್ಲಿ ವ್ಯಾಪಾರ ನಡೆಯಬೇಕೆಂದು ತೀರ್ಮಾನಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹೂವಿನ ಅಜ್ಜಿಯಂಥವರು ಅಧಿಕಾರಿಗಳ ಎದುರು ಕುರ್ಚಿಯಲ್ಲಿ ಕೂತು ತಮ್ಮ ಮಾರ್ಕೆಟ್ ಹೇಗಿರಬೇಕೆಂದು ಹೇಳಲಿ ಎಂಬುದೇ ಕಾನೂನಿನ ಆಶಯ. ಆ ಕುರ್ಚಿಗೆ ಬೆಲೆ ಬರುವುದು ರಸ್ತೆ ಅಗಲ ಮಾಡುವ, ಫುಟ್‌ಪಾತಿಗೆ ಕಲ್ಲು ಹಾಸುವ ಟೆಂಡರು ಕರೆಯುವ ಮುನ್ನ ಅವರನ್ನು ಕೇಳಿದರೆ ಮಾತ್ರ.

ನೀಲಿ ಟಾರ್ಪಾಲಿನ ಕೇರಿ

ಪೂರ್ವಕ್ಕೆ, ಮಾರತ್ತಹಳ್ಳಿ ದಾಟಿ ವೈಟ್‌ಫೀಲ್ಡ್ ಕಡೆಗೆ ಹೋದರೆ ಬೇರೊಂದು ಬೆಂಗಳೂರು. ಗಾಜಿನ ಗೋಡೆಯ ಕಚೇರಿಗಳು, ಇಪ್ಪತ್ತು ಮೂವತ್ತು ಅಂತಸ್ತಿನ ಅಪಾರ್ಟ್‌ಮೆಂಟುಗಳು. ಅವುಗಳ ಕಾಂಪೌಂಡಿಗೆ ತಾಗಿದಂತೆ, ಇನ್ನೂ ಕಟ್ಟಡ ಏಳದ ಖಾಲಿ ಸೈಟುಗಳಲ್ಲಿ, ನೀಲಿ ಟಾರ್ಪಾಲು ಹೊದೆದ ಗುಡಿಸಲುಗಳ ಸಾಲು. ಒಳಗೆ ಬಗ್ಗಿ ಹೋಗಬೇಕು. ಬಿದಿರು ಗಳ, ಹಳೆಯ ಪ್ಲೈವುಡ್, ಜಾಹೀರಾತಿನ ಫ್ಲೆಕ್ಸು. ಮಳೆನೀರು ಒಳಗೆ ನುಗ್ಗದಂತೆ ಬಾಗಿಲಿಗೆ ಅಡ್ಡವಾಗಿ ಮಣ್ಣಿನ ಕಟ್ಟೆ. ಕಲಬುರಗಿ, ಯಾದಗಿರಿ, ರಾಯಚೂರಿನ ಹಳ್ಳಿಗಳಿಂದ ಬಂದ ಕುಟುಂಬಗಳು ಇಲ್ಲಿವೆ. ಮುಂಗಾರು ಕೈಕೊಟ್ಟ ವರ್ಷ ಬಂದವರು ಕೆಲವರು, ಮಗಳ ಮದುವೆಯ ಸಾಲ ತೀರಿಸಲು ಬಂದವರು ಕೆಲವರು, ಇಲ್ಲೇ ಹುಟ್ಟಿ ಇಲ್ಲೇ ಕೂಲಿಗೆ ಹೋಗುವಷ್ಟು ಬೆಳೆದ ಮಕ್ಕಳು ಇನ್ನು ಕೆಲವರು.

ಬೆಳಿಗ್ಗೆ ಆರರ ಹೊತ್ತಿಗೆ ಕೇರಿಯ ಮೊದಲ ಕೆಲಸ ನೀರು. ಗುಡಿಸಲುಗಳ ಮುಂದೆ ಇನ್ನೂರು ಲೀಟರಿನ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿರುತ್ತವೆ. ಟ್ಯಾಂಕರ್ ಬಂದರೆ ಪೈಪು ಡ್ರಮ್ಮಿನಿಂದ ಡ್ರಮ್ಮಿಗೆ ಸಾಗುತ್ತದೆ. ಬರದಿದ್ದರೆ ಪಕ್ಕದ ಕಟ್ಟಡ ಕೆಲಸದ ಸೈಟಿನಲ್ಲಿ ಮೇಸ್ತ್ರಿಯ ಕೈಕಾಲು ಹಿಡಿದು ಬಿಂದಿಗೆ ತುಂಬಿಸಬೇಕು. ಬಟ್ಟೆಗೆ, ಪಾತ್ರೆಗೆ ಈ ನೀರು. ಕುಡಿಯುವುದಕ್ಕೆ ಬೇರೆ. ಮುಖ್ಯರಸ್ತೆಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಆ ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ತರುವವರು ಹತ್ತು ಹನ್ನೆರಡು ವಯಸ್ಸಿನ ಹುಡುಗಿಯರು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಎರಡನೇ ಕ್ಯಾನಿಗೆ ಪಾಳಿ ನಿಂತಿರುತ್ತಾರೆ.

‘ಅಕ್ಕಾರ, ದೊಡ್ಡ ಬಿಲ್ಡಿಂಗಿಗೆ ಕಾವೇರಿ ಬರ್ತದ. ನಾವು ಅದರ ಗ್ವಾಡಿ ಕಟ್ಟೀವಿ, ಪೈಪಿಗೆ ತೆಗ್ಗು ತೋಡೀವಿ. ನಮಗ ಒಂದು ನಳ ಹಾಕ್ರಿ ಅಂದ್ರ ಜಾಗದ ಕಾಗದ ಕೇಳ್ತಾರ,’ ಎನ್ನುತ್ತಾರೆ ಡ್ರಮ್ಮಿನ ಪಕ್ಕ ನಿಂತ ಹೆಣ್ಣುಮಗಳು. ಜಾಗ ಯಾರದೋ ಖಾಸಗಿಯವರದು. ಗುಡಿಸಲಿಗೆ ತಿಂಗಳ ನೆಲಬಾಡಿಗೆ ಕೊಡುತ್ತಾರೆ, ಆದರೆ ರಸೀದಿ ಸಿಗುವುದಿಲ್ಲ. ರಸೀದಿ ಇಲ್ಲದೆ ವಿಳಾಸವಿಲ್ಲ. ವಿಳಾಸವಿಲ್ಲದೆ ನಲ್ಲಿಯಿಲ್ಲ, ವಿದ್ಯುತ್ ಮೀಟರಿಲ್ಲ. ಓಟಿನ ಹೆಸರು ಊರಿನ ಪಟ್ಟಿಯಲ್ಲಿದೆ, ಹಾಗಾಗಿ ಇಲ್ಲಿನ ಚುನಾವಣೆಯಲ್ಲಿ ಅವರನ್ನು ಹುಡುಕಿ ಬರುವವರೂ ಇಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಇಡೀ ನಗರಕ್ಕೆ ನೀರಿನ ಬೆಲೆ ಗೊತ್ತಾಯಿತು. ಟ್ಯಾಂಕರುಗಳಿಗೆ ದರ ನಿಗದಿಯಾಯಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರಿನ ದಾರಿ ತೆರೆಯಿತು. ಇದು ನಿಜಕ್ಕೂ ದೊಡ್ಡ ಕೆಲಸ. ಈ ನೀರು ಟಾರ್ಪಾಲಿನ ಕೇರಿಗೆ ತಲುಪಲು ಹೊಸ ಅಣೆಕಟ್ಟು ಬೇಕಿಲ್ಲ. ಮುಖ್ಯ ಕೊಳವೆಯಿಂದ ಕೇರಿಯ ಬಾಯಿಗೆ ಒಂದು ಸಾರ್ವಜನಿಕ ನಲ್ಲಿ ಸಾಕು. ನೆಲ ಯಾರದೆಂಬ ವ್ಯಾಜ್ಯ ಕೋರ್ಟಿನಲ್ಲಿ ಎಷ್ಟು ವರ್ಷ ಬೇಕಾದರೂ ನಡೆಯಲಿ, ಅಲ್ಲಿಯವರೆಗೆ ಮಗುವಿನ ಬಾಯಾರಿಕೆಯನ್ನು ತಡೆದಿಡಲಾಗದು.

ಇಲ್ಲಿಯವರ ದೊಡ್ಡ ಭಯ ಜೆಸಿಬಿ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥದೇ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬಾಂಗ್ಲಾದೇಶದವರು ಎಂಬ ಮಾತು ಹಬ್ಬಿತ್ತು. ಬೀದಿಗೆ ಬಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ಮುಂಬೈನ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ, ಓಲ್ಗಾ ಟೆಲ್ಲಿಸ್ ತೀರ್ಪೆಂದು ಹೆಸರಾದ ಆದೇಶದಲ್ಲಿ, ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿತ್ತು. ಬಡವರು ಫುಟ್‌ಪಾತಿನಲ್ಲಿ ಮಲಗುವುದು ಕೆಲಸ ಅಲ್ಲೇ ಹತ್ತಿರ ಸಿಗುತ್ತದೆಂಬ ಕಾರಣಕ್ಕೆ ಎಂಬ ಸತ್ಯವನ್ನು ಅಂದಿನ ನ್ಯಾಯಪೀಠ ಅರ್ಥ ಮಾಡಿಕೊಂಡಿತ್ತು. ನಗರ ಯೋಜನೆಯಲ್ಲಿ ಅದು ಇನ್ನೂ ಇಳಿದಿಲ್ಲ.

ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೊರಟಾಗ ಕೂಸು ಸೈಟಿಗೇ ಹೋಗುತ್ತದೆ. ಮರಳಿನ ಗುಡ್ಡೆಯ ನೆರಳಲ್ಲಿ ಸೀರೆಯ ಜೋಲಿ. ಅಕ್ಕನಿಗೆ ಏಳು ವರ್ಷ, ಅವಳೇ ಕಾವಲು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಶಿಶುಪಾಲನಾ ಕೋಣೆ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತು. ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣಕ್ಕೆಂದೇ ಸಂಗ್ರಹವಾಗುತ್ತದೆ. ದುಡ್ಡು ಇದೆ, ನಿಯಮ ಇದೆ. ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೆಯೇ ‘ಕೂಸಿನ ಕೋಣೆ ಎಲ್ಲಿದೆ?’ ಎಂದು ಕೇಳಿದರೆ ಏಳು ವರ್ಷದ ಆ ಹುಡುಗಿ ಶಾಲೆಗೆ ಹೋಗುತ್ತಾಳೆ.

ಒಣಕಸದ ಅಂಗಳ

ಹತ್ತು ಗಂಟೆಯ ಬಿಸಿಲು. ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರದ ಮುಂದೆ ಆಟೊ ಟಿಪ್ಪರ್ ಹಿಮ್ಮುಖವಾಗಿ ಬಂದು ಹೊರೆ ಸುರಿಯುತ್ತದೆ. ತಗಡಿನ ಮಾಡು, ಸಿಮೆಂಟಿನ ನೆಲ, ಸುತ್ತ ಜಾಲರಿ. ಕೈಗವಸು ಹಾಕಿದ ಐದಾರು ಹೆಂಗಸರು ರಾಶಿಯ ಸುತ್ತ ಕೂರುತ್ತಾರೆ. ಮುಂದಿನ ಅರ್ಧ ಗಂಟೆಯಲ್ಲಿ ಆ ರಾಶಿ ಕರಗುವುದನ್ನು ನೋಡಬೇಕು. ಹಾಲಿನ ಕವರು ಒಂದು ಚೀಲಕ್ಕೆ, ನೀರಿನ ಬಾಟಲಿ ಇನ್ನೊಂದಕ್ಕೆ. ಮುಚ್ಚಳ ಬೇರೆ, ಬಾಟಲಿ ಬೇರೆ. ರಟ್ಟು, ನ್ಯೂಸ್ ಪೇಪರು, ಬಿಳಿ ಹಾಳೆ ಮೂರು ಬೇರೆ ಬೇರೆ. ಗಟ್ಟಿ ಪ್ಲಾಸ್ಟಿಕ್ಕಿನ ಬಕೆಟ್ಟು, ತೆಳು ಕವರು, ಚಿಪ್ಸಿನ ಪೊಟ್ಟಣ, ಚಪ್ಪಲಿ, ಗಾಜು, ತಗಡು. ಅನುಮಾನ ಬಂದ ತುಂಡನ್ನು ಉಗುರಿನಿಂದ ಗೀರಿ, ಮಡಚಿ, ಸದ್ದು ಕೇಳಿ ಯಾವ ಜಾತಿಯ ಪ್ಲಾಸ್ಟಿಕ್ಕೆಂದು ಹೇಳುತ್ತಾರೆ. ಈ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಬೀದಿಯಲ್ಲಿ ಚಿಂದಿ ಆಯುತ್ತ, ಗುಜರಿ ಅಂಗಡಿಯ ತಕ್ಕಡಿಯ ಮುಂದೆ ನಿಂತು, ವರ್ಷಗಟ್ಟಲೆ ಕಲಿತದ್ದು.

ಚಿಂದಿ ಆಯುವವರನ್ನು ನಗರ ಬಹುಕಾಲ ಕಳ್ಳರಂತೆ ಕಂಡಿತು. ಕತ್ತಲಲ್ಲಿ ಗೋಣಿ ಹೆಗಲಿಗೆ ಹಾಕಿಕೊಂಡು ನಡೆದರೆ ಪೊಲೀಸರ ಪ್ರಶ್ನೆ, ನಾಯಿಗಳ ಕಾಟ, ಗೇಟಿನ ಬಳಿ ಬೈಗುಳ. 2011ರಲ್ಲಿ ಲೋಕ ಅದಾಲತ್ತಿನ ಸೂಚನೆಯ ಬಳಿಕ ಬೆಂಗಳೂರಿನ ಪಾಲಿಕೆ ಅವರಿಗೆ ತನ್ನ ಮೊಹರಿನ ಗುರುತಿನ ಚೀಟಿ ಕೊಡಲು ಶುರುಮಾಡಿತು. ಆ ಕೆಲಸದ ಸುತ್ತ ‘ಹಸಿರು ದಳ’ದಂಥ ಸಂಘಟನೆ ಬೆಳೆಯಿತು. ಅದರ ಮರುವರ್ಷವೇ ಬೆಂಗಳೂರಿನ ಕಸದ ಬಿಕ್ಕಟ್ಟು ಸ್ಫೋಟಿಸಿತು. ಮಾವಳ್ಳಿಪುರದ ಜನ ತಮ್ಮೂರಿನ ಕಸದ ಗುಡ್ಡ ಸಾಕೆಂದರು, ಆ ಭರ್ತಿ ಜಾಗ 2012ರಲ್ಲಿ ಮುಚ್ಚಿತು. ಮಂಡೂರಿನ ಜನ ದಾರಿಗೆ ಅಡ್ಡ ನಿಂತರು, 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಮೂಲದಲ್ಲೇ ಹಸಿಕಸ ಒಣಕಸ ಬೇರ್ಪಡಿಸದೆ ಗತಿಯಿಲ್ಲ ಎಂದಾದಾಗ, ಒಣಕಸವನ್ನು ನಿಭಾಯಿಸಬಲ್ಲವರು ಯಾರು ಎಂಬ ಪ್ರಶ್ನೆ ಎದ್ದಿತು. ಉತ್ತರ ನಗರದ ಬೀದಿಯಲ್ಲೇ ಇತ್ತು. ಎಷ್ಟೋ ವಾರ್ಡುಗಳಲ್ಲಿ ಒಣಕಸ ಕೇಂದ್ರ ನಡೆಸುವ ಹೊಣೆ ಚಿಂದಿ ಆಯುತ್ತಿದ್ದವರ ಕೈಗೇ ಬಂತು. ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದವು.

ಇಡೀ ಬೆಂಗಳೂರಿನಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಡುವ ಜಾಗ ಈ ಅಂಗಳ. ಇಲ್ಲಿ ಯಾರನ್ನೂ ಎಬ್ಬಿಸಿ ದೂರ ಕಳಿಸಲಿಲ್ಲ. ಮೊದಲಿನಿಂದ ಕೆಲಸ ಮಾಡುತ್ತಿದ್ದವರನ್ನು ಕಂಡು, ಅವರ ಕೆಲಸಕ್ಕೊಂದು ಸೂರು, ಒಂದು ತಕ್ಕಡಿ, ಒಂದು ಗುರುತು ಕೊಟ್ಟರು. ನಗರಕ್ಕೂ ಲಾಭ, ಅವರಿಗೂ ಗೌರವ. ಕಷ್ಟಗಳು ಮುಗಿದಿಲ್ಲ: ಪಾವತಿ ತಡವಾಗುತ್ತದೆ, ಡೈಪರು ಮತ್ತು ಗಾಜಿನ ಚೂರು ಇನ್ನೂ ಒಣಕಸದೊಳಗೇ ಬರುತ್ತವೆ, ಕೈ ಕುಯ್ದುಕೊಳ್ಳುತ್ತದೆ. ಆದರೂ ದಾರಿ ಇದೇ. ರಸ್ತೆ ಗುಡಿಸುವ ಪೌರಕಾರ್ಮಿಕರು ಗುತ್ತಿಗೆಯ ಬದುಕಿನಿಂದ ಹೊರಬರಲು ದಶಕಗಳ ಹೋರಾಟ ಬೇಕಾಯಿತು. 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ ದಿನದಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೆಲಸ ಕಾಯಂ ಆಯಿತು. ಕಾಯಂ ಪತ್ರವೆಂದರೆ ತಿಂಗಳ ಸಂಬಳವಷ್ಟೇ ಅಲ್ಲ. ಬ್ಯಾಂಕಿನಲ್ಲಿ ಸಾಲ, ಮಗಳ ಕಾಲೇಜು, ಬಾಡಿಗೆ ಮನೆಯ ಮುಂಗಡ ಎಲ್ಲಕ್ಕೂ ಅದೇ ಬೀಗದ ಕೈ.

ಇಪ್ಪತ್ತು ಕಿಲೋಮೀಟರ್ ಆಚೆಯ ಮನೆ

ಮಧ್ಯಾಹ್ನದ ಬಸ್ಸು ನಗರದ ಅಂಚಿನತ್ತ ಹೊರಡುತ್ತದೆ. ಮನೆಗೆಲಸ ಮುಗಿಸಿದ ಹೆಂಗಸರೇ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಅವರ ಕೈಗೆ ಸೊನ್ನೆ ರೂಪಾಯಿಯ ಟಿಕೆಟು ಬಂದಿದೆ. ಮೊದಲು ಒಂದು ಸ್ಟೇಜಿನ ದುಡ್ಡು ಉಳಿಸಲು ಎರಡು ಸ್ಟಾಪು ನಡೆಯುತ್ತಿದ್ದವರು ಈಗ ಕೂತು ಪ್ರಯಾಣಿಸುತ್ತಾರೆ, ಇನ್ನೊಂದು ಮನೆಯ ಕೆಲಸ ಹಿಡಿಯುತ್ತಾರೆ, ವಾಣಿ ವಿಲಾಸ ಆಸ್ಪತ್ರೆಗೆ ಮಗಳನ್ನು ಕರೆದೊಯ್ಯಲು ಯೋಚಿಸುವುದಿಲ್ಲ. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ಇಡ್ಲಿ, ಹತ್ತು ರೂಪಾಯಿಗೆ ಊಟ ಸಿಕ್ಕಾಗಲೂ ಹೀಗೇ ಆಯಿತು: ಹಮಾಲಿಯ, ಆಟೊ ಚಾಲಕನ, ಪರೀಕ್ಷೆಗೆ ಓದುವ ಹಳ್ಳಿಯ ಹುಡುಗನ ದಿನದ ಲೆಕ್ಕ ಹಗುರಾಯಿತು. ಬಡವರಿಗೆ ನಗರ ಹತ್ತಿರವಾಗುವುದು ಇಂಥ ದಿನನಿತ್ಯದ ಏರ್ಪಾಡುಗಳಿಂದ.

ಬಸ್ಸಿನ ಕೊನೆಯ ನಿಲ್ದಾಣದಿಂದ ಮುಂದೆ ಮಣ್ಣುದಾರಿ. ಅದರ ತುದಿಯಲ್ಲಿ ನಾಲ್ಕು ಅಂತಸ್ತಿನ ಬ್ಲಾಕುಗಳು. ಬಣ್ಣ ಮಾಸಿದೆ, ಬಾಲ್ಕನಿಯ ತುಂಬ ಬಟ್ಟೆ. ನಗರದ ನಡುವಿನ ಕೊಳೆಗೇರಿಯಿಂದ ಸ್ಥಳಾಂತರಗೊಂಡವರಿಗೆ ಕೊಟ್ಟ ಮನೆಗಳಿವು. ಒಳಗೆ ಕಾಂಕ್ರೀಟ್ ಚಾವಣಿ, ಒಂದು ಕೋಣೆ, ಅಡುಗೆಮನೆ, ಶೌಚಾಲಯ. ಸೋರುವ ಗುಡಿಸಲಿನಿಂದ ಬಂದವರಿಗೆ ಚಾವಣಿಯ ಬೆಲೆ ಗೊತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಅರ್ಧ ಬಾಗಿಲುಗಳಿಗೆ ಬೀಗ. ಬೆಳಿಗ್ಗೆ ನಾಲ್ಕೂವರೆಗೆ ಹೊರಟವರು ರಾತ್ರಿ ಒಂಬತ್ತಕ್ಕೆ ಬರುತ್ತಾರೆ. ನಾಲ್ಕನೇ ಮಹಡಿಯಲ್ಲಿ ಮಂಡಿನೋವಿನ ಮುದುಕಿಯೊಬ್ಬರು ಕಿಟಕಿಯ ಬಳಿ ಕೂತಿದ್ದಾರೆ. ಲಿಫ್ಟಿಲ್ಲದ್ದರಿಂದ ಕೆಳಗಿಳಿಯುವುದು ಅಪರೂಪ. ಮೊದಲು ಗುಡಿಸಲಿನ ಮುಂದೆ ಕೂತು ಬೀಡಿ ಸುತ್ತುತ್ತಿದ್ದೆ, ಅಕ್ಕಪಕ್ಕದವರೊಡನೆ ಮಾತಾಡುತ್ತಿದ್ದೆ, ಎರಡು ಕೋಳಿ ಸಾಕಿದ್ದೆ ಎನ್ನುತ್ತಾರೆ. ಆ ಅಂಗಳವನ್ನು ಸರ್ಕಾರಿ ಪಟ್ಟಿಯಲ್ಲಿ ಯಾರೂ ಆಸ್ತಿಯೆಂದು ಬರೆದುಕೊಳ್ಳಲಿಲ್ಲ. ಪರಿಹಾರ ಸಿಕ್ಕಿದ್ದು ಗೋಡೆಗೆ ಮಾತ್ರ.

ಈಜಿಪುರದ ಕಥೆ ನಮ್ಮ ನೆನಪಿನಲ್ಲಿ ಉಳಿಯಬೇಕು. ಕೋರಮಂಗಲದ ಪಕ್ಕದಲ್ಲಿ, ಆರ್ಥಿಕವಾಗಿ ದುರ್ಬಲರಿಗೆಂದೇ ಕಟ್ಟಿದ ವಸತಿ ಬ್ಲಾಕುಗಳು ಶಿಥಿಲವಾಗಿ ಕುಸಿದವು. ಜನ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ವರ್ಷಗಟ್ಟಲೆ ಹೊಸ ಮನೆಗೆ ಕಾದರು. ಆ ನೆಲದ ಒಂದು ಭಾಗದಲ್ಲಿ ಮಾಲ್ ಕಟ್ಟುವ ಖಾಸಗಿ ಸಹಭಾಗಿತ್ವದ ಯೋಜನೆ ಬಂತು. 2013ರ ಜನವರಿಯ ಚಳಿಯಲ್ಲಿ ಶೆಡ್ಡುಗಳನ್ನು ಕಿತ್ತುಹಾಕಲಾಯಿತು. ಪಾತ್ರೆ, ಪಠ್ಯಪುಸ್ತಕ, ಹಾಸಿಗೆ ರಸ್ತೆಬದಿಗೆ ಬಂದವು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರಲ್ಲಿ ಎಷ್ಟೋ ಜನ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಹೋಗಬೇಕಾಯಿತು. ಮನೆ ಕಳೆದುಕೊಂಡ ನೋವಿನ ಜೊತೆಗೆ ನಡೆದುಹೋಗುವಷ್ಟು ಹತ್ತಿರವಿದ್ದ ಕೆಲಸ, ಮಕ್ಕಳ ಶಾಲೆ, ಹೆಸರು ಹಿಡಿದು ಕರೆಯುತ್ತಿದ್ದ ದಿನಸಿ ಅಂಗಡಿಯ ಸಾಲದ ಪುಸ್ತಕ ಎಲ್ಲವೂ ಒಂದೇ ಪೆಟ್ಟಿಗೆ ಹೋದವು.

2005ರ ಡಿಸೆಂಬರಿನಲ್ಲಿ ಆರಂಭವಾದ ನೆಹರೂ ನಗರ ನವೀಕರಣ ಯೋಜನೆಯಿಂದ 2015ರ ಪ್ರಧಾನಮಂತ್ರಿ ಆವಾಸ್‌ವರೆಗೆ ಬಡವರ ಮನೆಗೆ ಹಣ ಬಂದಿದೆ. ಅಗ್ಗದ ನೆಲ ಊರಾಚೆ ಸಿಗುತ್ತದೆ, ಹಾಗಾಗಿ ಮನೆಗಳೂ ಊರಾಚೆ ಏಳುತ್ತವೆ. ಕಟ್ಟುವವರ ಲೆಕ್ಕದಲ್ಲಿ ಉಳಿದ ಆ ದುಡ್ಡನ್ನು ಮನೆಯಲ್ಲಿ ವಾಸಿಸುವವರು ಪ್ರತಿದಿನ ತೆರುತ್ತಾರೆ: ಬಸ್ಸಿನಲ್ಲಿ ಕಳೆಯುವ ಗಂಟೆಗಳಾಗಿ, ಬಿಟ್ಟುಹೋದ ಕೂಲಿಯಾಗಿ, ಕತ್ತಲಲ್ಲಿ ನಡೆಯುವ ಮಗಳ ಬಗೆಗಿನ ಆತಂಕವಾಗಿ.

ಬೇರೆ ದಾರಿಯಿದೆ ಎಂಬುದನ್ನು ಒಡಿಶಾ ತೋರಿಸಿದೆ. 2017ರಲ್ಲಿ ಅದು ಕೊಳೆಗೇರಿ ನಿವಾಸಿಗಳಿಗೆ ಭೂಮಿಯ ಹಕ್ಕು ಕೊಡುವ ಕಾನೂನು ಮಾಡಿತು. ಡ್ರೋನಿನಿಂದ ಕೇರಿಗಳ ನಕ್ಷೆ ತೆಗೆದು, ಅಲ್ಲಿನವರ ಸಂಘದ ಜೊತೆ ಮನೆಮನೆಗೆ ಹೋಗಿ ಗಡಿ ಗುರುತಿಸಿ, ಇದ್ದಲ್ಲೇ ಹಕ್ಕುಪತ್ರ ಕೊಡುವ ಕೆಲಸ ‘ಜಗ ಮಿಷನ್’ ಹೆಸರಿನಲ್ಲಿ ನಡೆಯಿತು. ಆ ಹಕ್ಕು ಮಕ್ಕಳಿಗೆ ಬರುತ್ತದೆ, ಅದರ ಮೇಲೆ ಮನೆಸಾಲ ಪಡೆಯಬಹುದು, ಮಾರುವಂತಿಲ್ಲ. 2023ರಲ್ಲಿ ಈ ಕೆಲಸಕ್ಕೆ ವಿಶ್ವ ಹ್ಯಾಬಿಟಾಟ್ ಪ್ರಶಸ್ತಿಯ ಚಿನ್ನ ಸಂದಿತು. ಕರ್ನಾಟಕವೂ ಈ ದಾರಿಗೆ ಹೊಸದಲ್ಲ. ಕೊಳೆಗೇರಿಗಳ ಸುಧಾರಣೆಗೆ ನಮ್ಮಲ್ಲಿ 1973ರಷ್ಟು ಹಿಂದೆಯೇ ಕಾಯ್ದೆ ಬಂತು. ಹಕ್ಕುಪತ್ರ ಎಂಬ ಮಾತು ಇಲ್ಲಿನ ಪ್ರತಿ ಕೇರಿಯ ಬಾಯಲ್ಲಿದೆ. ಘೋಷಿತ ಕೊಳೆಗೇರಿಗಳಿಗೆ ಆ ಪತ್ರ ಬೇಗ ತಲುಪಿಸಬೇಕು, ಇನ್ನೂ ಘೋಷಣೆಯಾಗದ ಕೇರಿಗಳ ಪಟ್ಟಿ ಮಾಡಬೇಕು. ವಲಸೆ ಕೂಲಿಕಾರರಿಗೆ ಸ್ವಂತ ಮನೆಗಿಂತ ಮೊದಲು ಬೇಕಿರುವುದು ಕೆಲಸದ ಹತ್ತಿರ ಕಡಿಮೆ ಬಾಡಿಗೆಯ, ರಸೀದಿ ಸಿಗುವ ಒಂದು ಕೋಣೆ.

ಫುಟ್‌ಪಾತಿನ ಸಂಜೆ

ಸಂಜೆ ಆರೂವರೆ. ಮೆಟ್ರೊ ನಿಲ್ದಾಣದಿಂದ ಜನ ಹೊಳೆಯಂತೆ ಹೊರಬರುತ್ತಾರೆ. ಮೆಟ್ಟಿಲ ಬುಡದಲ್ಲಿ ಜೋಳ ಸುಡುವವರು, ಮೊಬೈಲ್ ಕವರಿನವರು, ಸೌತೆಕಾಯಿ ಸೀಳಿ ಉಪ್ಪುಕಾರ ಸವರುವವರು. ಬಿಳಿ ಕೋಲು ಹಿಡಿದ ಯುವಕನೊಬ್ಬ ನೆಲದ ಹಳದಿ ಉಬ್ಬುಪಟ್ಟಿಯ ಮೇಲೆ ಕೋಲಿನ ತುದಿ ಇಟ್ಟು ಸರಾಗವಾಗಿ ಹೊರಗೆ ಬರುತ್ತಾನೆ. ನಿಲ್ದಾಣದ ಗೇಟು ದಾಟಿದೊಡನೆ ಹಳದಿ ಪಟ್ಟಿ ಮುಗಿಯುತ್ತದೆ. ಮುಂದೆ ಕಿತ್ತ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಫುಟ್‌ಪಾತಿಗೆ ಏರಿಸಿ ನಿಲ್ಲಿಸಿದ ಬೈಕು. ಜೋಳದ ಅಮ್ಮ ಎದ್ದು ಬಂದು ‘ಬಾ ಕಂದ, ಎಡಗಡೆ ಗುಂಡಿ ಐತೆ’ ಎಂದು ಮೊಳಕೈ ಹಿಡಿದು ದಾಟಿಸುತ್ತಾರೆ.

ಫುಟ್‌ಪಾತೆಂದರೆ ಪಾದಚಾರಿಗಳಿಗೂ ವ್ಯಾಪಾರಿಗಳಿಗೂ ಜಗಳ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಇಲ್ಲಿ ಕಣ್ಣಾರೆ ಕಾಣುವುದೇ ಬೇರೆ. ಕೋಲು ಹಿಡಿದವನ ದಾರಿಗೆ ಅಡ್ಡ ನಿಂತಿದ್ದು ಬೈಕು, ಕಂಬ, ಅರ್ಧಕ್ಕೆ ಬಿಟ್ಟ ಕಾಮಗಾರಿ. ವ್ಯಾಪಾರಿ ಇದ್ದದ್ದರಿಂದ ಬೀದಿಗೆ ಕಣ್ಣಿತ್ತು, ಬೆಳಕಿತ್ತು, ಕೈಹಿಡಿಯುವವರಿದ್ದರು. ಕತ್ತಲಾದ ಮೇಲೆ ಒಬ್ಬಳೇ ಬಸ್ಸಿಗೆ ಕಾಯುವ ಹುಡುಗಿಯೂ ಇಂಥ ಅಂಗಡಿಯ ಬೆಳಕಿನಲ್ಲೇ ನಿಲ್ಲುತ್ತಾಳೆ. ಸಾರ್ವಜನಿಕ ಸ್ಥಳ, ಕಟ್ಟಡ, ಸಾರಿಗೆ ಎಲ್ಲವೂ ಅಂಗವಿಕಲರಿಗೆ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿದೆ. ಅಗಲವಾಗಿ ಗೆರೆ ಎಳೆದ ಫುಟ್‌ಪಾತಿನಲ್ಲಿ ಗಾಲಿಕುರ್ಚಿಗೂ ಜೋಳದ ಒಲೆಗೂ ಜಾಗ ಹೊಂದುತ್ತದೆ.

ರಾತ್ರಿ ಹನ್ನೊಂದಕ್ಕೆ ಅದೇ ಮೆಟ್ಟಿಲ ಬುಡದಲ್ಲಿ ರಟ್ಟು ಹಾಸಿ ಮಲಗುವವರು ಬರುತ್ತಾರೆ. ದೊಡ್ಡ ನಗರಗಳಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಲ್ಲ ಒಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಸೂಚಿಸಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯ ಜನ 84 ಲಕ್ಷ ದಾಟಿದ್ದರು. ಎಂಬತ್ತನಾಲ್ಕು ಕೇಂದ್ರಗಳ ಲೆಕ್ಕವನ್ನು ಅಂದಿನ ಸಂಖ್ಯೆಯ ಮೇಲೇ ಹಾಕಬೇಕಿತ್ತು. ಆಮೇಲೆ ನಗರ ಇನ್ನೂ ಎಷ್ಟೋ ಬೆಳೆದಿದೆ.

ಹೊಸ ಗೆರೆಗಳು

ಬೆಂಗಳೂರಿನ ಗಡಿಗೆರೆಗಳನ್ನು ಮತ್ತೆ ಎಳೆಯುತ್ತಿರುವ ಕಾಲವಿದು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಗರಕ್ಕೆ ಕಾರ್ಪೊರೇಟರುಗಳೇ ಇರಲಿಲ್ಲ. ನಲ್ಲಿ ಕೇಳಲು, ಬೀದಿದೀಪ ಕೇಳಲು, ಜೆಸಿಬಿ ನಿಲ್ಲಿಸಲು ಯಾರ ಮನೆ ಬಾಗಿಲು ತಟ್ಟಬೇಕೆಂದು ಕೇರಿಯವರಿಗೆ ತಿಳಿಯದ ವರ್ಷಗಳವು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಹೊಸ ಕಚೇರಿ, ಹೊಸ ನಾಮಫಲಕ, ಹೊಸ ವಾರ್ಡುಗಳು. ಸುರಂಗ ರಸ್ತೆಯ, ಜೋಡಿ ಮೇಲ್ಸೇತುವೆಯ ದೊಡ್ಡ ಮಾತುಗಳ ನಡುವೆ ಕೆಲವು ಸಣ್ಣ ಗೆರೆಗಳನ್ನು ಈಗಲೇ ಎಳೆದುಬಿಡಬೇಕು.

ಪ್ರತಿ ವಾರ್ಡಿನ ನಕ್ಷೆಯಲ್ಲಿ ಕೇರಿಗಳು, ಟಾರ್ಪಾಲಿನ ಗುಡಿಸಲುಗಳೂ ಸೇರಿ, ತೋರಬೇಕು; ನೆಲದ ಒಡೆತನ ಏನೇ ಇರಲಿ, ನೀರು ಮತ್ತು ಶೌಚಾಲಯ ಅಲ್ಲಿಗೆ ಮುಟ್ಟಬೇಕು. ಮೆಟ್ರೊ ನಿಲ್ದಾಣದ ಸುತ್ತಲಿನ ಸರ್ಕಾರಿ ನೆಲದಲ್ಲಿ ಒಂದು ಪಾಲು ಕಡಿಮೆ ಬಾಡಿಗೆಯ ಮನೆಗಳಿಗೆ ಮೀಸಲಾಗಬೇಕು. ಸಮಿತಿಯಲ್ಲಿ ವ್ಯಾಪಾರಿಗಳು ಕೂತು ತಮ್ಮ ಜಾಗ ಗುರುತಿಸಿದ ಮೇಲೆಯೇ ರಸ್ತೆಯ ಟೆಂಡರು ಹೊರಡಬೇಕು. ಬೆಳಗಿನ ನಾಲ್ಕರ ಬಸ್ಸು ಪೌರಕಾರ್ಮಿಕರ, ಹೂವಿನವರ, ಹಮಾಲಿಗಳ ದಾರಿಯಲ್ಲಿ ಓಡಬೇಕು. ಯಾರನ್ನಾದರೂ ಸ್ಥಳಾಂತರಿಸಲೇಬೇಕಾದರೆ ಮೊದಲ ಪ್ರಶ್ನೆ ಹೊಸ ಮನೆ ಎಷ್ಟು ಚದರಡಿ ಎಂಬುದಾಗಬಾರದು. ಕೆಲಸ, ಶಾಲೆ, ಆಸ್ಪತ್ರೆ ಎಷ್ಟು ದೂರ ಎಂಬುದಾಗಬೇಕು.

ಇವನ್ನೆಲ್ಲ ಹೇಳಬೇಕಾದವರು ವಾರ್ಡ್ ಸಭೆಗೆ ಬರುವಂತಾಗಬೇಕು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಹೊಸ ವಾರ್ಡುಗಳ ಮೊದಲ ಸಭೆ ಭಾನುವಾರ ಸಂಜೆ ನಡೆಯಲಿ, ಕೇರಿಯ ಬಯಲಿನಲ್ಲೇ ನಡೆಯಲಿ. ಎಂಜಿನಿಯರು ನಕ್ಷೆಯನ್ನು ನೆಲದ ಮೇಲೆ ಹಾಸಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ವಿವರಿಸಲಿ. ಮೊದಲು ಮಾತಾಡುವ ಹಕ್ಕು ನೀರಿನ ಕ್ಯಾನು ಹೊರುವ ಹುಡುಗಿಯ ತಾಯಿಗೆ ಸಿಗಲಿ, ಅವರು ತೋರಿಸಿದ ಜಾಗದಲ್ಲೇ ಆ ವರ್ಷದ ಮೊದಲ ಕಾಮಗಾರಿ ಶುರುವಾಗಲಿ.